ಪೂಜೆಗೆ ಕೂತ ಕಂಪ್ಯೂಟರು

ತಪ್ಪು ನನ್ನದೇ. ಆಯುಧ ಪೂಜೆಯ ಬೆಳಿಗ್ಗೆ ಅಪ್ಪ ತಮ್ಮ ಸ್ಪ್ಯಾನರುಗಳನ್ನು ತೊಳೆದು ಮಣೆಯ ಮೇಲೆ ಜೋಡಿಸುವಾಗ, ಇಂಜಿನಿಯರಿಂಗ್ ಕೊನೆಯ ವರ್ಷದ ಜಂಬದಲ್ಲಿ ನನ್ನ ಕಂಪ್ಯೂಟರನ್ನೂ ಹೊತ್ತು ತಂದು ಪಕ್ಕಕ್ಕಿಟ್ಟೆ. ಅಪ್ಪ ಅದಕ್ಕೆ ಮೂರು ಗೆರೆ ವಿಭೂತಿ ಎಳೆದರು, ಅಮ್ಮ ಸೇವಂತಿಗೆ ಮುಡಿಸಿದಳು. ಆರತಿ ಆಯಿತು. ಇನ್ನು ಮರುದಿನ ಬೆಳಗಿನ ಪೂಜೆಯವರೆಗೆ ಅದನ್ನು ಮುಟ್ಟುವ ಹಾಗಿಲ್ಲ.

ಮಧ್ಯಾಹ್ನದ ಬಸ್ಸಿಗೆ ಶಿವಮೊಗ್ಗದ ರವೀಂದ್ರನಗರದಿಂದ ನನ್ನ ಗೆಳತಿ, ನನ್ನ ಪ್ರಾಜೆಕ್ಟಿನ ಜೊತೆಗಾತಿ, ಭದ್ರಾವತಿ ನ್ಯೂ ಟೌನಿನ ನಮ್ಮ ಕ್ವಾರ್ಟರ್ಸಿಗೆ ಓಡೋಡಿ ಬಂದಳು.

"ಕೆಟ್ವಿ ಕಣೇ! ನಿನ್ನೆ ಸಂಜೆ ಲ್ಯಾಬಲ್ಲಿ ಹುಡುಗ್ರೆಲ್ಲ ಒಟ್ಟಿಗೆ ನಮ್ಮ ಸೈಟ್ ತೆಗೆದು ಕ್ಲಿಕ್ ಮಾಡಿದ್ರು. ಹತ್ತು ನಿಮಿಷಕ್ಕೆ ಗೊಟಕ್ ಅಂತು. ಬೇಗ ಆನ್ ಮಾಡು."

ನಾನು ಮಣೆಯ ಕಡೆ ಕೈ ತೋರಿಸಿದೆ. ಅವಳು ಸ್ಪ್ಯಾನರು, ಈಳಿಗೆಮಣೆಗಳ ನಡುವೆ ಮದುಮಗಳ ಹಾಗೆ ಕೂತಿದ್ದ ಕಂಪ್ಯೂಟರನ್ನು ನೋಡಿ, "ಅಯ್ಯೋ ಮಾರಾಯ್ತಿ!" ಎಂದು ನೆಲಕ್ಕೆ ಕುಸಿದಳು. ಆಮೇಲೆ ಇಬ್ಬರಿಗೂ ತಡೆಯಲಾರದ ನಗು. ನಗುವ ಹೊತ್ತೇನೂ ಅಲ್ಲ ಅದು. ವಿಜಯದಶಮಿ ಒಳ್ಳೆಯ ದಿನವೆಂದು ನಮ್ಮ ಗೈಡ್ ಮೇಷ್ಟ್ರು ಮರುದಿನ ಹತ್ತು ಗಂಟೆಗೇ ಕಾಲೇಜಿನಲ್ಲಿ ಪ್ರದರ್ಶನ ಇಟ್ಟಿದ್ದರು. "ಮಧ್ಯದಲ್ಲಿ ನಿಂತ್ರೆ ಈ ಪ್ರಾಜೆಕ್ಟ್ ಕ್ಯಾನ್ಸಲ್. ಬೇರೆಯವರ ಹಾಗೆ ಅಂಗಡಿಯಿಂದ ರೆಡಿಮೇಡ್ ತಂದು ಒಪ್ಪಿಸಿ" ಎಂದಿದ್ದರು. ಆರು ತಿಂಗಳು ಲಿನಕ್ಸ್ ಮೇಲೆ, ಪಿಎಚ್‌ಪಿಯಲ್ಲಿ ಒಂದೊಂದು ಸಾಲನ್ನೂ ನಾವೇ ಬರೆದಿದ್ದೆವು. ಸೀನಿಯರ್‌ಗಳ ಹಳೆಯ ಪುಸ್ತಕ ಜೂನಿಯರ್‌ಗಳಿಗೆ ಸಿಗುವಂತೆ ಮಾಡುವ ಸೈಟು ಅದು. ರೆಡಿಮೇಡ್ ಅಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಪ್ರಿಂಟ್ ಇದೆಯಲ್ಲ, ಓದಿ ಹುಡುಕೋಣ" ಎಂದಳು ಗೆಳತಿ. ಓಪನ್ ಸೋರ್ಸ್ ಅಂದರೆ ಯಾರು ಬೇಕಾದರೂ ಓದುವ ಹಾಗಿರಬೇಕು ಎಂದು ಮೇಷ್ಟ್ರು ಇಡೀ ಕೋಡನ್ನು ಪ್ರಿಂಟ್ ಹಾಕಿಸಿದ್ದರು. ಅಂಚಿನಲ್ಲಿ ತೂತುಗಳಿದ್ದ ಆ ಉದ್ದನೆಯ ಕಾಗದವನ್ನು ನಡುಮನೆಯಿಂದ ಅಡುಗೆಮನೆಯವರೆಗೆ ಹಾಸಿದೆವು.

ಅಮ್ಮ ಒಗ್ಗರಣೆ ಸೌಟು ಹಿಡಿದೇ ಬಂದಳು. "ಇವತ್ತು ಪುಸ್ತಕ ಓದಬಾರದು ಕಣ್ರೇ!"

ಅಪ್ಪ ಕನ್ನಡಕ ಏರಿಸಿ ನೋಡಿ ತೀರ್ಪು ಕೊಟ್ಟರು. "ಇನ್ನೂ ಬೈಂಡ್ ಆಗಿಲ್ಲ. ಪುಸ್ತಕ ಅಲ್ಲ ಇದು. ಓದ್ಲಿ ಬಿಡು."

ನಾವು ಜೋರಾಗಿ ಓದುತ್ತಾ, ಪ್ರತಿ ಸಾಲಿಗೂ ಅಪ್ಪನಿಗೆ ಕನ್ನಡದಲ್ಲಿ ಅರ್ಥ ಹೇಳುತ್ತಾ ಕಾಗದದ ಪಕ್ಕದಲ್ಲೇ ತೆವಳಿದೆವು. ಅಪ್ಪ ಕಾರ್ಖಾನೆಯ ಮೆಷಿನ್ ಶಾಪಿನಲ್ಲಿ ಟರ್ನರ್. ಕಂಪ್ಯೂಟರ್ ಗಂಧಗಾಳಿ ಇಲ್ಲ, ಆದರೆ ಕೇಳುವ ಹುಮ್ಮಸ್ಸಿಗೆ ಕೊನೆಯಿಲ್ಲ. ಪುಸ್ತಕ ಹುಡುಕಲು ಪ್ರತಿ ಪುಟವೂ ಪುಸ್ತಕಗಳ ಪಟ್ಟಿಯಿರುವ ಡೇಟಾಬೇಸಿನಿಂದ ಒಂದು ಕನೆಕ್ಷನ್ ತೆಗೆದುಕೊಳ್ಳುತ್ತದೆ ಎಂದು ನಾನು ಹೇಳಿದ್ದೇ ತಡ, ತಡೆದರು.

"ತಗೊಂತು, ಸರಿ. ವಾಪಸ್ ಕೊಟ್ಟಿದ್ದೆಲ್ಲಿ?"

"ಕೊಡೋದಿಲ್ಲ ಅಂಕಲ್. ಹಿಡ್ಕೊಂಡೇ ಇರುತ್ತೆ, ಸ್ಪೀಡಿಗೆ" ಎಂದಳು ಗೆಳತಿ.

ಅಪ್ಪ ಜೇಬಿನಿಂದ ನಂಬರ್ ಕೊರೆದ ಹಿತ್ತಾಳೆ ಟೋಕನ್ ತೆಗೆದು ನೆಲಕ್ಕೆ ಟಣ್ ಅಂತ ಇಟ್ಟರು. "ನಮ್ಮ ಟೂಲ್ ರೂಮಲ್ಲಿ ಇದನ್ನಿಟ್ಟರೇನೇ ಟೂಲ್ ಕೊಡೋದು. ಟೂಲ್ ವಾಪಸ್ ಕೊಟ್ರೇನೇ ಇದು ಸಿಗೋದು. ಎಲ್ರೂ ಹಿಡ್ಕೊಂಡೇ ಕೂತ್ರೆ ಮಧ್ಯಾಹ್ನದ ಶಿಫ್ಟಿನವನು ಏನು ಹಲ್ಲಲ್ಲಿ ಬೋಲ್ಟ್ ಬಿಚ್ತಾನಾ?"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅದೇ! ಅದೇ ಗಂಟು! ಇರುವುದೇ ಇಷ್ಟು ಕನೆಕ್ಷನ್, ಎಲ್ಲ ಪುಟಗಳೂ ಹಿಡಿದು ಕೂತರೆ ಹತ್ತು ನಿಮಿಷಕ್ಕೆ ಖಾಲಿ! ಗೆಳತಿ ಎದ್ದು ಕುಣಿದ ರಭಸಕ್ಕೆ ಕಾಗದ ಹರಿಯಿತು.

ಬೆಳಿಗ್ಗೆ ಪೂಜೆ ಮುಗಿದದ್ದೇ ತಡ, ವಿಭೂತಿ ಒರೆಸದೆ ಕಂಪ್ಯೂಟರ್ ಆನ್ ಮಾಡಿ, ತೆಗೆದುಕೊಂಡದ್ದನ್ನು ಹಿಂದಿರುಗಿಸುವ ಸಾಲುಗಳನ್ನು ಬರೆದೆ. ತಿದ್ದಿದವರ ಹೆಸರನ್ನೂ ಸೇರಿಸುವುದು ಓಪನ್ ಸೋರ್ಸಿನವರ ರೂಢಿ. ಅಪ್ಪ, "ಛೇ, ನನ್ನ ಹೆಸರು ಯಾಕೆ" ಎಂದು ಬಿಲ್ಕುಲ್ ಒಪ್ಪಲಿಲ್ಲ. ಸರಿ, ನಮ್ಮಿಬ್ಬರ ರೋಲ್ ನಂಬರುಗಳ ಕೆಳಗೆ ಅವರ ಟೋಕನ್ ನಂಬರ್ ಹಾಕಿದೆ. ಫ್ಲಾಪಿಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ನಾನು, ರಾತ್ರಿ ನಮ್ಮಲ್ಲೇ ಉಳಿದಿದ್ದ ಗೆಳತಿ, ಅಪ್ಪ, ಮೂವರೂ ಶಿವಮೊಗ್ಗದ ಬಸ್ಸು ಹತ್ತಿದೆವು.

ಲ್ಯಾಬಿನಲ್ಲಿ ಇಪ್ಪತ್ತು ಜನ ಒಟ್ಟಿಗೆ ಕ್ಲಿಕ್ ಮಾಡಿದರು. ಹತ್ತು ನಿಮಿಷ ಕಳೆಯಿತು, ಅರ್ಧ ಗಂಟೆಯೂ ಕಳೆಯಿತು. ಸೈಟು ನಿಲ್ಲಲಿಲ್ಲ. ಗೆಳತಿ ನನ್ನ ತೋಳು ಚಿವುಟಿ ಚಿವುಟಿ ಕೆಂಪು ಮಾಡಿದ್ದಳು. ಮೇಷ್ಟ್ರು ಕೋಡ್ ತೆರೆದು ಹುಬ್ಬು ಗಂಟಿಕ್ಕಿದರು.

"ಈ ಮೂರನೇ ರೋಲ್ ನಂಬರ್ ಯಾರದು? ನಮ್ಮ ಕ್ಲಾಸಲ್ಲಿ ಇಲ್ಲವಲ್ಲ."

ಬಾಗಿಲ ಬಳಿ ನಿಂತಿದ್ದ ಅಪ್ಪ, "ನಂದೇ ಸಾರ್" ಎಂದು ಮುಂದೆ ಬಂದರು. ನಾನು ತಡಬಡಾಯಿಸುತ್ತಾ ನಡೆದದ್ದನ್ನೆಲ್ಲ ಹೇಳಿದೆ. ಮೇಷ್ಟ್ರು ಕುರ್ಚಿ ಬಿಟ್ಟೆದ್ದು, "ನೀವೂ ಒಂದ್ಸಲ ನೋಡಿ ಯಜಮಾನ್ರೇ" ಎಂದು ಮೌಸನ್ನು ಅಪ್ಪನ ಕಡೆ ಸರಿಸಿದರು.

ಅಪ್ಪ ಮೌಸ್ ಮುಟ್ಟುವ ಮೊದಲು ಜೇಬಿಗೆ ಕೈಹಾಕಿ, ಟೋಕನ್ ತೆಗೆದು ಮೇಜಿನ ಮೇಲಿಟ್ಟರು. ಇಡೀ ಲ್ಯಾಬು ಗೊಳ್ಳೆಂದಿತು. ಅಪ್ಪ ನಗಲಿಲ್ಲ. ಒಂದು ಪುಸ್ತಕ ಹುಡುಕಿದರು, ಸಿಕ್ಕಿತು. ಮೌಸನ್ನು ಮೇಷ್ಟ್ರಿಗೆ ಒಪ್ಪಿಸಿ ಅಂಗೈ ಚಾಚಿ ನಿಂತರು.

ಮೇಷ್ಟ್ರು ಟೋಕನ್ ಎತ್ತಿಕೊಂಡು, ಎರಡೂ ಕೈಯಿಂದ ವಾಪಸ್ ಕೊಟ್ಟರು. ನಗುತ್ತಲೇ ಇದ್ದ ನನಗೆ ಅಳು ಬಂದುಬಿಟ್ಟಿತು.