ಅತ್ತಿಗೆಯ ಗೋಡೆಯ ಮೇಲಿನ ವಿಮಾನ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತು ಎದ್ದಿದ್ದೇನೆ. ಪ್ರತಿ ಸಲವೂ ಏನೋ ಒಂದು ನೆಪ ಸಿಗುತ್ತಿತ್ತು. ಮಳೆಗಾಲ ಬಂತು, ಲೆನ್ಸು ಒರೆಸಬೇಕು. ಹಾರ್ಡ್ ಡಿಸ್ಕ್ ಹಳತಾಯಿತು, ಫೋಟೋಗಳನ್ನು ಹೊಸದಕ್ಕೆ ಇಳಿಸಬೇಕು. ಈಗ ಕೈ ನಡುಗುತ್ತದೆ, ಕ್ಯಾಮೆರಾ ಹಿಡಿಯಲಾಗುವುದಿಲ್ಲ. ನೆಪಗಳೂ ಮುಗಿದಿವೆ.

ಹತ್ತನೆಯ ತರಗತಿ ಮುಗಿಸಿ ಅಂಕೋಲಾ ಪೇಟೆಯಲ್ಲಿ ಸ್ಟುಡಿಯೋ ಇಟ್ಟವನು ನಾನು. ಮದುವೆ, ನಾಮಕರಣದ ಫೋಟೋಗಳಿಂದ ಹೊಟ್ಟೆಪಾಡು ನಡೆಯುತ್ತಿತ್ತು. ಮನಸ್ಸು ಮಾತ್ರ ವಿಮಾನದ ಮೇಲೆ. ಮೇಲೆ ಸದ್ದಾದರೆ ಗಿರಾಕಿಯನ್ನು ಸ್ಟೂಲಿನ ಮೇಲೆ ಕೂರಿಸಿಟ್ಟು ರಸ್ತೆಗೆ ಓಡುತ್ತಿದ್ದೆ. ವಿಮಾನಕ್ಕೆಂದೇ ಉದ್ದದ ಲೆನ್ಸು ಕೊಂಡೆ. ಕಡಲ ಗಾಳಿಗೆ ಅದರೊಳಗೆ ಬೂಷ್ಟು ಹಿಡಿಯದ ಹಾಗೆ ಸ್ಟೀಲ್ ಕಪಾಟಿನಲ್ಲಿ ವರ್ಷವಿಡೀ ಒಂದು ಝೀರೋ ಬಲ್ಬ್ ಉರಿಸಿಟ್ಟೆ. ತೆಗೆದ ಪ್ರತಿ ವಿಮಾನದ ಫೋಟೋವನ್ನೂ ಎರಡು ಡಿಸ್ಕಿನಲ್ಲಿ ಹಾಕಿ, ಒಂದನ್ನು ಅಂಗಡಿಯಲ್ಲಿ, ಒಂದನ್ನು ಮನೆಯಲ್ಲಿ ಇಡುತ್ತಿದ್ದೆ. ಒಂದೇ ಕಡೆ ಇಟ್ಟು ಫೋಟೋ ಕಳೆದುಕೊಂಡು ಬಂದ ಬೇರೆ ಸ್ಟುಡಿಯೋದವರಿಗೆ ಬುದ್ಧಿ ಹೇಳಿದ್ದೂ ಉಂಟು.

ಅಣ್ಣನ ಮನೆ ಭಾವಿಕೇರಿ ಕಡೆ. ಅಮ್ಮ ತೀರಿಕೊಂಡಾಗ ನಾನು ಶಾಲೆಯ ಹುಡುಗ. ಆಮೇಲೆ ನನಗೆ ಉಣ್ಣಲು ಬಡಿಸಿದವರು, ಜ್ವರ ಬಂದರೆ ಪಕ್ಕದಲ್ಲಿ ಕೂತವರು ಅತ್ತಿಗೆ. ಅಣ್ಣ ಹೋದ ಮೇಲೆ ಅವರು ಮಗ ಸೊಸೆಯೊಂದಿಗೆ ಅದೇ ಮನೆಯಲ್ಲಿದ್ದರು. ನನ್ನ ಕ್ಯಾಮೆರಾ ಕಂಡರೆ ಮಾತ್ರ ಒಳಗೆ ಓಡುವರು. “ನನ್ನ ಮೋರೆ ಎಂತಾ ತೆಗಿತ್ಯೋ, ಆ ಕೋಳಿದು ತೆಗಿ, ಚಂದ ಉಂಟು” ಎನ್ನುವರು. ಮನೆಯ ಎಷ್ಟೋ ಫೋಟೋಗಳಲ್ಲಿ ಅವರ ಸೆರಗು ಇದೆ, ಬೆನ್ನು ಇದೆ. ಮುಖ ಇಲ್ಲ.

ಆ ಕಡೆಯ ಜಾಗ ವಿಮಾನ ನಿಲ್ದಾಣಕ್ಕೆ ಹೋಗುತ್ತದೆ ಎಂದು ನಿಶ್ಚಯವಾದಾಗ ಅತ್ತಿಗೆ ತಾವಾಗಿಯೇ ಕೇಳಿದರು.

“ತಮ್ಮಾ, ನಿನ್ನ ಗಿರಗಿಟ್ಲೆ ಹಾರ್ಸಿ ನಮ್ಮನೆದೊಂದು ಫೋಟೋ ತೆಗಿ. ಹಂಚಿನ ಮಾಡು, ಬಾವಿ, ಮಾವಿನ ಮರ ಎಲ್ಲಾ ಒಂದ್ರಲ್ಲೇ ಬರ್ಬೇಕು.”

“ಮೇಲಿಂದ ಎಂತಕ್ಕೆ ಅತ್ಗೆ?”

“ಕೆಳಗಿಂದ ದಿನಾ ನೋಡ್ತೆ. ಮನೆ ಬಿಡೂ ಮೊದ್ಲು ದೇವ್ರಿಗೆ ಹ್ಯಾಂಗೆ ಕಾಣ್ತದೆ ಹೇಳಿ ಒಂದ್ಸಲ ನೋಡ್ವಾ.”

ಗಿರಗಿಟ್ಲೆ ಎಂದರೆ ನನ್ನ ಡ್ರೋನ್. ಅದನ್ನು ಹಾರಿಸಲು ತರಬೇತಿಗೆ ಹೋಗಿ ಪ್ರಮಾಣಪತ್ರ ತಂದಿದ್ದೆ. ಆದರೆ ನಮ್ಮ ಕರಾವಳಿಯಲ್ಲಿ ಅದೊಂದೇ ಸಾಲದು. ಕಾರವಾರದಲ್ಲಿ ನೌಕಾನೆಲೆ ಇದೆ, ಹಾಗಾಗಿ ಅರ್ಜಿ ಹಾಕುವ ನಕ್ಷೆಯಲ್ಲಿ ನಮ್ಮ ಊರುಗಳ ಮೇಲೆ ಕೆಂಪು ಬಣ್ಣ. ಕೆಂಪು ಇದ್ದಲ್ಲಿ ಹಾರಿಸಬೇಕೆಂದರೆ ಪ್ರತಿ ಸಲವೂ ಬೇರೆ ಪರವಾನಗಿ ಬೇಕು. ಅತ್ತಿಗೆಗೆ ಇದನ್ನು ವಿವರಿಸಿದೆ.

“ಹದ್ದು ಯಾರ್ನ ಕೇಳಿ ಹಾರ್ತದ್ಯಾ?” ಎಂದರು.

“ಹದ್ದು ಫೋಟೋ ತೆಗೂದಿಲ್ಲ ಅತ್ಗೆ.”

“ನೀನೂ ತೆಗೂದಿಲ್ಲ, ಬರೀ ಬಾಯಿ” ಎಂದು ನಕ್ಕರು.

ಕೊನೆಗೆ ದಾರಿಯೊಂದು ತಾನಾಗಿ ತೆರೆಯಿತು. ನಿಲ್ದಾಣದ ಜಾಗದ ಅಳತೆಯ ಕೆಲಸ ಹಿಡಿದ ಗುತ್ತಿಗೆದಾರರೊಬ್ಬರು ಒಂದು ಬೆಳಗಿನ ಮಟ್ಟಿಗೆ ಪರವಾನಗಿ ತಂದು, ಹಾರಿಸಲು ನನ್ನನ್ನು ಕರೆದರು. ಅತ್ತಿಗೆಯ ಮನೆ ಆ ಗಡಿಯೊಳಗೇ ಇತ್ತು. ಅವರ ಕೆಲಸ ಮುಗಿಸಿ, ಅವರನ್ನು ಕೇಳಿಕೊಂಡು, ಡ್ರೋನನ್ನು ಅತ್ತಿಗೆಯ ಅಂಗಳಕ್ಕೆ ತಂದೆ.

ಅವರು ಮಗನ ಮದುವೆಯ ಸೀರೆ ಉಟ್ಟು, ಅಬ್ಬಲಿಗೆ ಮುಡಿದು ತುಳಸಿ ಕಟ್ಟೆಯ ಪಕ್ಕ ನಿಂತಿದ್ದರು. ಮನೆಯ ಫೋಟೋ ತೆಗೆಯಲು ಹೇಳಿದವರು ತಾವೂ ನಿಲ್ಲುತ್ತಾರೆಂದು ನಾನು ಎಣಿಸಿರಲಿಲ್ಲ.

“ನಗ್ಬೇಕನಾ?” ಎಂದು ಕೂಗಿದರು.

“ಮೇಲೆ ನೋಡಿ ಅತ್ಗೆ, ಸಾಕು.”

“ಬಿಸ್ಲು ಕಣ್ಣಿಗೆ ಹೊಡಿತದ್ಯೋ!”

ಅಂಗೈಯನ್ನು ಹುಬ್ಬಿನ ಮೇಲಿಟ್ಟುಕೊಂಡು ನೋಡಿದರು. ಡ್ರೋನನ್ನು ಮಾವಿನ ಮರದ ಎತ್ತರಕ್ಕೆ ಇಳಿಸಿದೆ. ಪರದೆಯ ಮೇಲೆ ಅವರ ಮುಖ ಇಷ್ಟೇ ಇಷ್ಟು, ಆದರೆ ಸ್ಪಷ್ಟವಾಗಿತ್ತು. ನಗುತ್ತಿದ್ದರು.

ಆ ರಾತ್ರಿ ಗುತ್ತಿಗೆದಾರರ ಫೋಟೋಗಳನ್ನು ಎರಡೂ ಡಿಸ್ಕಿಗೆ ಇಳಿಸಿದೆ. ಅತ್ತಿಗೆಯದನ್ನು ನಾಳೆ ಮಾಡಿದರಾಯಿತು ಎಂದು ಮಲಗಿದೆ. ತಡವಾದರೆ ಅವರು ಬಯ್ಯುವವರಲ್ಲ.

ಮರುದಿನ ಕಾರವಾರದ ಕಡಲತೀರದ ಮೇಲೆ ನೌಕಾಪಡೆಯ ವಿಮಾನಗಳ ಹಾರಾಟವಿತ್ತು. ಮರಳಿನ ಮೇಲೆ ಕಾಲೂರಿ ನಿಂತು ಒಂದೇ ಸಮನೆ ಫೋಟೋ ಹೊಡೆದೆ. ತಂದಿದ್ದ ಮೆಮೊರಿ ಕಾರ್ಡುಗಳೆಲ್ಲ ತುಂಬಿದವು. ಅಷ್ಟರಲ್ಲಿ ವಿಮಾನಗಳು ಎದುರಿನ ದ್ವೀಪದ ಆಚೆ ತಿರುಗಿ, ಒಂದರ ರೆಕ್ಕೆಗೆ ಇನ್ನೊಂದು ತಾಗಿದ ಹಾಗೆ ವಾಪಸು ಬರುತ್ತಿದ್ದವು. ಚೀಲದಲ್ಲಿ ಡ್ರೋನಿನ ಕಾರ್ಡು ಸಿಕ್ಕಿತು. ಚಿಕ್ಕ ಕಾರ್ಡು, ಅಡಾಪ್ಟರಿನಲ್ಲಿ ಕೂರಿಸಿದರೆ ಕ್ಯಾಮೆರಾಕ್ಕೂ ಆಗುತ್ತದೆ. ಅದರಲ್ಲಿ ಜಾಗ ಇರಲಿಲ್ಲ. ಎಲ್ಲ ಫೋಟೋ ಅಳಿಸಲೇ ಎಂದು ಕ್ಯಾಮೆರಾ ಕೇಳಿತು.

ಮರೆತು ಒತ್ತಿದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಮರೆತಿರಲಿಲ್ಲ. ಅತ್ತಿಗೆ ಅದರಲ್ಲಿದ್ದಾರೆಂದು ಗೊತ್ತಿತ್ತು. ಮನೆ ಎಲ್ಲಿಗೆ ಓಡಿಹೋಗುತ್ತದೆ, ಇನ್ನೊಂದು ಸಲ ತೆಗೆಯೋಣ ಎಂದುಕೊಂಡೇ ಒತ್ತಿದೆ.

ಆ ಕಾರ್ಡಿನಲ್ಲಿ ಸಿಕ್ಕ ಫೋಟೋ ನನ್ನ ಆಯುಷ್ಯದಲ್ಲೇ ಒಳ್ಳೆಯದು. ಮೂರು ವಿಮಾನ, ಕೆಳಗೆ ಕಡಲು, ಒಂದರ ನೆರಳು ಇನ್ನೊಂದರ ಮೈಮೇಲೆ. ಎಲ್ಲರೂ ಹೊಗಳಿದರು.

ಇನ್ನೊಂದು ಸಲ ಪರವಾನಗಿ ಸಿಗಲಿಲ್ಲ. ಅರ್ಜಿ ಹಾಕಿದೆ, ವಾಪಸು ಬಂತು. ಮತ್ತೆ ಹಾಕಿದೆ. ಕಾರವಾರದ ಕಂಪ್ಯೂಟರ್ ಅಂಗಡಿಗೂ ಕಾರ್ಡು ಒಯ್ದೆ. ಅವರು ಹುಡುಕಿ ತೆಗೆದದ್ದು ಅರ್ಧ ಫೋಟೋ ಮಾತ್ರ: ಮಾಡಿನ ಹಂಚು, ಮಾವಿನ ಮರದ ತಲೆ. ಅಂಗಳ ಇರಬೇಕಾದಲ್ಲಿ ಬರೀ ಬೂದು ಬಣ್ಣ. ಅಷ್ಟರಲ್ಲಿ ಅಣ್ಣನ ಮಗ ಹಂಚು ಇಳಿಸಿ, ಮಾಡಿನ ಮರದ ಪಕಾಸು ಬಿಚ್ಚಿ, ಅಂಕೋಲಾದ ಹತ್ತಿರ ಕಟ್ಟಿದ ಹೊಸ ಮನೆಗೆ ಸಾಗಿಸುತ್ತಿದ್ದ.

ಅತ್ತಿಗೆ ಕೇಳಿದಾಗ ಹೇಳಿದೆ: “ನೇವಿಯವ್ರು ಅಳಿಸ್ಬಿಟ್ರು ಅತ್ಗೆ. ಈ ಕಡೆ ಫೋಟೋ ಹೊರಗೆ ಕೊಡೂ ಹಾಂಗಿಲ್ಲ ಹೇಳಿದ್ರು.”

ಯಾರೂ ಹಾಗೆ ಹೇಳಿರಲಿಲ್ಲ. ಆದರೆ ನಮ್ಮಲ್ಲಿ ಈ ಮಾತನ್ನು ನಂಬದವರಿಲ್ಲ. ಅದನ್ನು ತಿಳಿದೇ ಹೇಳಿದೆ.

ಅವರು ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು. “ನಿಂಗೆ ಎಂತಾ ತೊಂದ್ರೆ ಕೊಡ್ಲಿಲ್ಲ ಅಲ್ದಾ? ನನ್ನ ಸಲುವಾಗಿ ಎಲ್ಲಾದ್ರೂ ಸಿಕ್ಕಿ ಬಿದ್ದೆ ಏನಾ?”

ಇಲ್ಲ ಎಂದೆ.

“ಅಡ್ಡಿಲ್ಲ ಬಿಡು. ಎಲ್ಲರೂ ಹೊಗಳ್ತ್ರಲ್ಲ, ಆ ವಿಮಾನದ್ದಾದ್ರೂ ಒಂದು ಕೊಡು. ಹೊಸ ಗೋಡೆ ಬೋಳು ಬೋಳು ಕಾಣ್ತದೆ.”

ಕೊಟ್ಟೆ. ಕಟ್ಟು ಹಾಕಿಸಿ ನಾನೇ ಮೊಳೆ ಹೊಡೆದೆ. ಬಂದವರಿಗೆಲ್ಲ ಅದನ್ನು ತೋರಿಸುವರು. “ನಮ್ಮ ತಮ್ಮ ತೆಗೆದದ್ದು. ಹಾರೂ ವಿಮಾನನ ನಿಲ್ಸಿ ಹಿಡಿದಾನೆ ನೋಡಿ.” ಚಹಾ ಕುಡಿಯುತ್ತಾ ಅದರ ಕೆಳಗೇ ಕೂತಿರುತ್ತಿದ್ದೆ. ಅವರನ್ನು ಅಳಿಸಿದ ಜಾಗದಲ್ಲೇ ಆ ವಿಮಾನ ಕೂತಿದೆ ಎಂದು ಹೇಳಲು ಎಷ್ಟೋ ಸಲ ಬಾಯಿಗೆ ಬಂತು. ಚಹಾದ ಜೊತೆ ನುಂಗಿಕೊಂಡೆ. ಆ ಅರ್ಧ ಫೋಟೋವನ್ನೂ ತೋರಿಸಲಿಲ್ಲ. ತೋರಿಸಿದ್ದರೆ ಉಳಿದರ್ಧ ಎಲ್ಲಿ ಎನ್ನುತ್ತಿದ್ದರು.

ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಮೂರು ದಿನ ಜ್ವರ, ಅಷ್ಟೇ. ಅಣ್ಣನ ಮಗ ಫೋನು ಮಾಡಿದ.

“ಚಿಕ್ಕಪ್ಪಾ, ಅವ್ವಿದು ಒಂದು ಫೋಟೋ ಬೇಕಾಗಿತ್ತು. ನಿನ್ನ ಹತ್ರ ಇರ್ತದಲ್ಲ. ಮೋರೆ ಕಾಣೂದು.”

ಎರಡೂ ಡಿಸ್ಕು ತೆರೆದು ಕೂತೆ. ವಿಮಾನ, ವಿಮಾನ, ವಿಮಾನ. ಯಾವುದು ಯಾವ ದಿನ ಹಾರಿತು, ಯಾವ ದಿಕ್ಕಿಗೆ ಹಾರಿತು ಎಲ್ಲ ಇತ್ತು. ನನ್ನನ್ನು ಸಾಕಿದವರ ಮುಖ ಇರಲಿಲ್ಲ. ಕೊನೆಗೆ ಅವರ ಆಧಾರ್ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಿ ಪ್ರಿಂಟು ಹಾಕಿದೆ. ಮುಖ ಒಡೆದು ಚುಕ್ಕೆ ಚುಕ್ಕೆಯಾಯಿತು. ಅವರು ಯಾರಿಗೋ ಹೆದರಿ ನಿಂತ ಹಾಗೆ ಕಾಣುತ್ತಾರೆ.

ಗೋಡೆಗೆ ಒಂದೇ ಮೊಳೆ ಇತ್ತು. ಅಣ್ಣನ ಮಗ ವಿಮಾನವನ್ನು ಇಳಿಸಿ ಅಲ್ಲಿ ತಾಯಿಯನ್ನು ತೂಗು ಹಾಕಿದ. “ಇದ್ನ ನೀನೇ ತಗಂಡು ಹೋಗು ಚಿಕ್ಕಪ್ಪಾ, ಹಾಳಾಗ್ತದೆ” ಎಂದ. ಅದೀಗ ನನ್ನ ಮನೆಯಲ್ಲಿದೆ, ಮುಖ ಗೋಡೆಯ ಕಡೆ ಮಾಡಿ ಇಟ್ಟಿದ್ದೇನೆ. ಅವನಿಗೆ ಈ ಬರಹವನ್ನೂ ಆ ಅರ್ಧ ಫೋಟೋವನ್ನೂ ಒಟ್ಟಿಗೆ ಕೊಡುತ್ತೇನೆ. ಬಯ್ದರೆ ಬಯ್ಯಲಿ. ಆದರೆ ನಾನು ತಪ್ಪಾಯಿತು ಎನ್ನಬೇಕಾಗಿದ್ದದ್ದು ಅವನಿಗಲ್ಲ. ಬಿಸಿಲಿಗೆ ಕೈ ಅಡ್ಡ ಹಿಡಿದು, ನನ್ನ ಕಡೆ ನೋಡಿ ನಕ್ಕು ನಿಂತಿದ್ದ ನನ್ನ ಅತ್ತಿಗೆಗೆ.