ಸೈನಿಕನ ಚೀಲದಲ್ಲಿ ರೊಟ್ಟಿ ಚೂರು

ಯಾದಗಿರಿಯ ಬಿಸಿಲಲ್ಲಿ ಕೂತು, ಹಿಮದಲ್ಲಿ ಮಲಗುವ ಸೈನಿಕರಿಗೆ ಚೀಲ ಹೊಲಿಯುತ್ತೇವೆ ಎಂದರೆ ಜನ ನಗುತ್ತಾರೆ. ನಗಲಿ. ಕಡೇಚೂರಿನಲ್ಲಿ ನನ್ನದೊಂದು ಶೆಡ್ ಇದೆ. ಶಹಾಪುರ, ಸುರಪುರ, ಸೈದಾಪುರ ಕಡೆಯ ಹೆಂಗಸರು ಅಲ್ಲಿ ಹೊಲಿಯುತ್ತಾರೆ. ದಪ್ಪ ಹೊದಿಕೆಗೆ ಜಿಪ್ ಹಚ್ಚಿದರೆ ಅದೇ ಮಲಗುವ ಚೀಲ.

ಇಲ್ಲೇ ತಯಾರಾದ ಸೇನಾ ಸಾಮಾನನ್ನು ಹೊರದೇಶಗಳಿಗೆ ಮಾರಿಸಲೆಂದೇ ಕೇಂದ್ರದ ಸಂಸ್ಥೆಯೊಂದಿದೆ. ಹೋದ ವರ್ಷ ಅದರ ಪ್ರದರ್ಶನದಲ್ಲಿ ನಮ್ಮ ಚೀಲಕ್ಕೂ ಜಾಗ ಸಿಗುವುದಿತ್ತು. ನಮ್ಮಂಥ ಸಣ್ಣ ಶೆಡ್ಡಿಗೆ ಅದು ದೊಡ್ಡ ಬಾಗಿಲು. ಮಾದರಿ ನೋಡಲು ಬೆಂಗಳೂರಿನಿಂದ ಒಬ್ಬ ಅಧಿಕಾರಿ ಬಂದರು.

ಚೀಲ ಎಳೆದರು, ಜಿಪ್ ಜಗ್ಗಿದರು, ತಲೆದೂಗಿದರು. ಆಮೇಲೆ ಒಂದು ಮೂಲೆ ಹಿಚುಕಿದವರು ಹಾಗೇ ನಿಂತರು. ಕತ್ತರಿ ಕೇಳಿ ಹೊಲಿಗೆ ಬಿಚ್ಚಿದರೆ ಒಳಗೆ ಒಣಗಿದ ಜೋಳದ ರೊಟ್ಟಿ ಚೂರು.

"ಏನ್ ಮೇಡಂ ಇದು?"

ನನಗೆ ನೋಡಿದ ಕೂಡಲೇ ತಿಳಿಯಿತು. ನಮ್ಮಲ್ಲಿ ಹಳೆ ಬಟ್ಟೆ ಜೋಡಿಸಿ ಕೌದಿ ಹೊಲಿಯುವವರು ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ರೊಟ್ಟಿ ಚೂರು ಇಡುತ್ತಾರೆ. ಕೌದಿ ಹಸಿದು ಹೋಗಬಾರದು ಅಂತ. ಶೆಡ್ಡಿನಲ್ಲಿ ಮೂಲೆ ಮುಚ್ಚುವ ಕೆಲಸ ಸುರಪುರದ ಮುದುಕಿಯದು. ಎಲ್ಲರೂ ಆಕೆಯನ್ನು ಚಿಗವ್ವ ಅನ್ನುತ್ತೇವೆ.

"ನಾನ ಇಟ್ಟೀನ್ರಿ ಸಾಹೇಬ್ರ," ಎಂದಳು ಚಿಗವ್ವ. "ಅಷ್ಟ್ ದೂರ ಹೋಗೂದು, ಖಾಲಿ ಹೊಟ್ಟೀಲೆ ಹ್ಯಾಂಗ ಕಳಸ್ಲಿ?"

"ಜರಾ ಪಲ್ಯಾನೂ ಇಡಬೇಕಿತ್ತಲ್ಲ ಚಿಗವ್ವ!" ಹಿಂದಿನಿಂದ ಒಬ್ಬಳು ಕೂಗಿದಳು. ಶೆಡ್ಡೆಲ್ಲ ನಕ್ಕಿತು. ಅಧಿಕಾರಿ ನಗಲಿಲ್ಲ.

"ಇಲಿ ಕಡಿಯತ್ತೆ, ಹುಳ ಬೀಳತ್ತೆ. ಹೊರಗಿನವರ ಮುಂದೆ ಮರ್ಯಾದೆ ಹೋಗತ್ತೆ. ಮೊದಲು ಈ ಅಜ್ಜೀನ ಕೆಲಸದಿಂದ ತೆಗೀರಿ. ಪ್ರದರ್ಶನದ ಮಾತು ಆಮೇಲೆ."

ಇಲಿ, ಹುಳದ ಮಾತು ಖರೆ. ಸೇನೆಯ ಸಾಮಾನಿನಲ್ಲಿ ತಿನ್ನುವ ವಸ್ತು ಇರಬಾರದು, ತಪ್ಪು ನಮ್ಮದೇ. ಆದರೆ ಅದಕ್ಕೆ ಮನುಷ್ಯಳನ್ನೇ ಕಿತ್ತೆಸೆಯುವುದೇ?

"ರೊಟ್ಟಿ ತಗೀತೀನ್ರಿ," ಎಂದೆ. "ಆಕಿನ್ನ ತಗಿಯಂಗಿಲ್ಲ."

"ಹಾಗಾದ್ರೆ ನಿಮ್ಮ ಜಾಗ ಬೇರೆಯವರಿಗೆ ಹೋಗತ್ತೆ."

"ಹೋಗ್ಲಿ ಬಿಡ್ರಿ. ಆಕಿ ಹೊಲಿಗಿ ಬೇಕು, ಆಕಿ ಬ್ಯಾಡ ಅಂದ್ರ ಅಂಥಾ ಜಾಗ ನಮಗೂ ಬ್ಯಾಡ."

ಚಿಗವ್ವ ನನ್ನ ಸೆರಗು ಜಗ್ಗಿದಳು. "ಯವ್ವಾ, ನನ ಸಲುವಾಗಿ ಜಗಳ ಯಾಕ? ನಾ ಮನಿಗೆ ಹೋಗ್ತೀನಿ."

"ಸುಮ್ ಕುಂಡ್ರು ಚಿಗವ್ವ. ಇನ್ನೊಂದು ಚೀಲ ಐತಿ, ಇವರ ಕಣ್ ಮುಂದ ಮೂಲಿ ಮುಚ್ಚು."

ಆಕೆ ಕೂತಳು. ಬುತ್ತಿಯಿಂದ ರೊಟ್ಟಿ ಚೂರು ಮುರಿದು ಚೀಲಕ್ಕೆ ತೋರಿಸಿದಳು, ತಾನೇ ಬಾಯಿಗೆ ಹಾಕಿಕೊಂಡಳು. ಅಗಿಯುತ್ತಲೇ ಸೂಜಿ ಹಿಡಿದಳು. ಅಧಿಕಾರಿ ಎಲ್ಲ ಮೂಲೆಗಳನ್ನೂ ಹಿಚುಕಿ ನೋಡಿದರು. ಚೀಲವನ್ನು ಕಾರಿಗೆ ಹಾಕಿಸಿಕೊಂಡು ಹೋದರು.

ಚೀಲ ಪ್ರದರ್ಶನಕ್ಕೆ ಹೋಯಿತು. ಹೊರದೇಶದ ಆರ್ಡರ್ ಮಾತ್ರ ಇನ್ನೂ ಬಂದಿಲ್ಲ. ಅಧಿಕಾರಿ ಆಗಾಗ ಫೋನ್ ಮಾಡುತ್ತಾರೆ. "ಆ ಅಜ್ಜಿ ಇನ್ನೂ ಅಲ್ಲೇ ಇದ್ದಾರಾ?" ಎಂದು ಕೇಳದೆ ಇಡುವುದಿಲ್ಲ.

"ಇದ್ದಾಳ್ರಿ," ಅನ್ನುತ್ತೇನೆ. "ಮೂಲಿ ಆಕೀನ ಮುಚ್ಚಾಕತ್ಯಾಳ."