ಶಾಂತವೀರಮ್ಮನವರು ಬಣ್ಣ ಹಾಕಿದ ಸಿಪಾಯಿ

ಶಾಂತವೀರಮ್ಮನವರು ಅವತ್ತು ಯಾವ ಬಣ್ಣ ಹಾಕಿದ್ದಾರೆಂಬುದು ಅವರ ತುಟಿ ನೋಡಿದರೆ ತಿಳಿಯುತ್ತಿತ್ತು. ಕುಂಚದ ತುದಿಯನ್ನು ಬಾಯಲ್ಲಿಟ್ಟು ಚೂಪು ಮಾಡುವ ಅಭ್ಯಾಸ. ಸಿಪಾಯಿಗಳ ಪಟ ಬಂದ ದಿನ ತುಟಿಯಂಚೆಲ್ಲ ಖಾಕಿ. ತರೀಕೆರೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಅವರು ಡ್ರಾಯಿಂಗ್ ಟೀಚರ್, ನಾನು ಆಗಷ್ಟೇ ಸೇರಿದ್ದ ಕನ್ನಡ ಟೀಚರ್. ಎಪ್ಪತ್ತರ ದಶಕದಲ್ಲಿ ನಮ್ಮ ಕಡೆ ಕಲರ್ ಫೋಟೋ ಅಪರೂಪ. ಸ್ಟುಡಿಯೋದವರು ಹಳೆಯ ಪಟಗಳನ್ನು ದೊಡ್ಡದು ಮಾಡಿ, ಬಣ್ಣಕ್ಕೆ ಇವರಿಗೆ ಕಳಿಸುತ್ತಿದ್ದರು.

ಕುಂಚ ಹಿಡಿಯುವ ಮುಂಚೆ ದೊಡ್ಡ ವಿಚಾರಣೆಯೇ ನಡೆಯುತ್ತಿತ್ತು. ಮೈಬಣ್ಣ ಎಂಥದು, ಯಾವ ಪಲ್ಟಣ, ಎದೆಯ ಮೇಲಿನ ಪಟ್ಟಿ ಕೆಂಪೋ ಹಸಿರೋ? ಮನೆಯವರಿಗೆ ಗೊತ್ತಿಲ್ಲದಿದ್ದರೆ ಗೊತ್ತಿರುವವರನ್ನು ಹುಡುಕಿಕೊಂಡು ಬಸ್ಸು ಹತ್ತುತ್ತಿದ್ದರು. ಕಡೂರಿನ ವರ್ತಕರೊಬ್ಬರು, ಸೈನ್ಯದಲ್ಲಿದ್ದ ತಂದೆಯ ಎದೆಗೆ ಎರಡು ಪದಕ ಬರೆದುಕೊಡಿ ಎಂದು ಕೇಳಿದರು. "ಸರ್ಕಾರವೇ ಕೊಡದೇ ಇದ್ದಿದ್ದನ್ನ ನಾನೆಲ್ಲಿಂದ ಕೊಡ್ಲಿ ಕಣ್ರೀ?" ಎಂದು ನಗುತ್ತಲೇ ಪಟ ವಾಪಸ್ ಕೊಟ್ಟರು.

ಒಮ್ಮೆ ಅಂತರಘಟ್ಟೆಯ ಕಡೆಯಿಂದ ಸಿದ್ದಮ್ಮ ಎಂಬ ಹೆಂಗಸು ಬಂದರು. ಐವತ್ತು ದಾಟಿದ ವಯಸ್ಸು. ಕೈಯಲ್ಲಿ ಮೂವರು ಸಿಪಾಯಿಗಳು ಒಟ್ಟಿಗೆ ನಿಂತ ಪಟ. ಬರ್ಮಾ ಯುದ್ಧಕ್ಕೆ ಹೋದ ಗಂಡ ತಿರುಗಿ ಬಂದಿರಲಿಲ್ಲ. ಮಧ್ಯದಲ್ಲಿರುವವನೇ ನಿನ್ನ ಗಂಡ ಎಂದು ಕಣ್ಣು ಸರಿಯಾಗಿ ಕಾಣದ ಮಾವ ತೋರಿಸಿದ್ದರಂತೆ. ಅಂದಿನಿಂದ ಅವನಿಗೇ ಹೂವು.

"ಮುಖ ನೆನಪೈತಾ?" ಎಂದರು ಶಾಂತವೀರಮ್ಮ.

"ಎಲ್ಲಿ ನೋಡಿದ್ನಮ್ಮ, ಹುಡುಗಿ ನಾನು, ನಾಚಿಕೆ. ಬಡಿಸೋವಾಗ ಕೈ ನೋಡ್ತಿದ್ದೆ. ಬಲಗೈ ಕಿರುಬೆರಳು ಸೊಟ್ಟ ಇತ್ತು."

ಪಟದ ನಡುವಿನ ಸಿಪಾಯಿಯ ಬೆರಳುಗಳು ನೆಟ್ಟಗಿದ್ದವು. ಶಾಂತವೀರಮ್ಮ ಪಟ ಇಟ್ಟುಕೊಂಡು ಅವರನ್ನು ಊರಿಗೆ ಕಳಿಸಿದರು. ಪಿಂಚಣಿ ಕೊಡುವ ದಿನ ನನ್ನನ್ನೂ ಕರೆದುಕೊಂಡು ಕಡೂರಿನ ಖಜಾನೆಗೆ ಹೋಗಿ, ಅಲ್ಲಿ ಕೂತಿದ್ದ ನಿವೃತ್ತ ಸಿಪಾಯಿಗಳಿಗೆಲ್ಲ ಪಟ ತೋರಿಸಿದರು. "ಮಧ್ಯದೋನು ಯಗಟಿ ರಂಗಪ್ಪ ಅಲ್ವಾ? ಇನ್ನೂ ಬದುಕೇ ಅವ್ನೆ!" ಎಂದರು ಒಬ್ಬರು.

ಹೊರಗೆ ಬಂದ ಮೇಲೆ ನಾನೆಂದೆ, "ಬಿಡಿ ಅಕ್ಕ. ಇಷ್ಟು ವರ್ಷ ಆದ್ಮೇಲೆ ಆಯಮ್ಮನಿಗೆ ಯಾಕೆ ಹೇಳೋದು?"

"ನನಗೂ ಹೆದರಿಕೆ ಕಣೇ. ಆದ್ರೆ ಸುಳ್ಳಿಗೆ ಬಣ್ಣ ಹಾಕಿದ್ರೆ ಅದು ಇನ್ನೂ ಚೆನ್ನಾಗಿ ಕಾಣುತ್ತೆ. ಅದೇ ತೊಂದ್ರೆ."

ಯಗಟಿಗೆ ಹೋಗಿ ರಂಗಪ್ಪನವರನ್ನು ಹುಡುಕಿ, ಅವರನ್ನು ಕರೆದುಕೊಂಡೇ ಸಿದ್ದಮ್ಮನ ಮನೆಗೆ ಹೋದೆವು. ಆ ದೊಡ್ಡ ಆಳು ಹೊಸ್ತಿಲಲ್ಲೇ ಕೈಮುಗಿದು ನಿಂತರು. "ತಾಯಿ, ಮಧ್ಯದಲ್ಲಿರೋನು ನಾನು. ನಿಮ್ಮ ಯಜಮಾನ್ರು ಈ ಕೊನೇಲವ್ರೆ. ಊಟಕ್ಕೆ ನನ್ನ ಪಕ್ಕದಲ್ಲೇ ಕೂರೋರು."

ಸಿದ್ದಮ್ಮ ಪಟವನ್ನು ಬಾಗಿಲ ಬೆಳಕಿಗೆ ಹಿಡಿದರು. ಕೊನೆಯಲ್ಲಿದ್ದವನ ಬಲಗೈಯಲ್ಲಿ ಬೆತ್ತ. ಕಿರುಬೆರಳು ಮಾತ್ರ ಅದನ್ನು ಹಿಡಿಯದೆ ಹೊರಗೆ ಚಾಚಿತ್ತು. ಸೆರಗಿನಿಂದ ಗಾಜು ಒರೆಸಿದರು, ಮತ್ತೆ ಒರೆಸಿದರು.

"ಇನ್ನೂ ಮೀಸೆ ಸರಿಯಾಗಿ ಬಂದಿಲ್ವಲ್ಲ," ಎಂದರು. "ಎಷ್ಟು ಚಿಕ್ಕೋರು!" ಆಮೇಲೆ ಅಳು ಬಂತು. ಶಾಂತವೀರಮ್ಮ ಪಕ್ಕದಲ್ಲಿ ಕೂತು ಅವರ ಬೆನ್ನು ಸವರಿದರು.

ಹೊರಡುವಾಗ ಸಿದ್ದಮ್ಮನೇ ಹೇಳಿದರು: "ಕರಿ ಮೈ ಕಣಮ್ಮ ಅವರ್ದು, ಬೆಳ್ಳಗೆ ಮಾಡ್ಬೇಡ. ಮೂರೂ ಜನಕ್ಕೂ ಬಣ್ಣ ಹಾಕು. ಈ ಅಣ್ಣಂಗೂ ಇಷ್ಟು ವರ್ಷ ಹೂವು ಇಟ್ಟಿದ್ದೀನಲ್ಲ." ರಂಗಪ್ಪನವರು ಕಣ್ಣೊರೆಸಿಕೊಂಡೇ ನಕ್ಕುಬಿಟ್ಟರು.

ಶಾಂತವೀರಮ್ಮನವರನ್ನು ನಾನು ಕೊನೆಯ ಸಲ ಕಂಡದ್ದು ಎಂಬತ್ತರ ದಶಕದಲ್ಲಿ, ಕಡೂರು ರೈಲ್ವೆ ಸ್ಟೇಷನ್ನಿನಲ್ಲಿ. ದೃಷ್ಟಿ ಮಂಜಾಗಿತ್ತು, ತಂಗಿಯ ಊರಿಗೆ ಹೊರಟಿದ್ದರು. "ಲಲಿತಾ, ಸ್ವಲ್ಪ ಬಿಸಿಲಿಗೆ ಬಾರೇ" ಎಂದು ನನ್ನ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ರೈಲು ಬಂದು ನಿಂತು, ಜನ ನಮ್ಮನ್ನು ತಳ್ಳಿಕೊಂಡು ಹತ್ತುತ್ತಿದ್ದರೂ ಕೈ ಬಿಡಲಿಲ್ಲ.

"ಆಯ್ತು, ಈಗ ಸರಿಯಾಗಿ ಕಾಣ್ತು," ಎಂದು ಹೇಳಿ ರೈಲು ಹತ್ತಿದರು.